ವಾಸನೆ ಇಲ್ಲದ ಕಾಯಿಲೆ

ಇವರು ಹೊಲಿಗೆ ಮಿಷನ್ ನಿಲ್ಲಿಸಿ ನೆಲಕ್ಕೆ ಕಿವಿಗೊಟ್ಟರು.

"ಅಡಿಯಲ್ಲಿ ಯಾರೋ ನನ್ನ ಹೆಸರು ಹೇಳ್ತಾ ಇದ್ದಾರೆ."

ಬಂದ್ಯೋಡಿನಲ್ಲಿ ನಮ್ಮದೊಂದು ಹೊಲಿಗೆ ಅಂಗಡಿ. ಸರಕಾರ ಪಾನನಿರೋಧ ತಂದ ಮೇಲೂ ನನ್ನ ಗಂಡನಿಗೆ ಕಳ್ಳಭಟ್ಟಿ ಸಿಗುತ್ತಿತ್ತು. ಮಂಗಳೂರಿನ ಆಸ್ಪತ್ರೆಯಲ್ಲಿ ಕುಡಿತ ಬಿಡಿಸಿಕೊಂಡು ಆಗಷ್ಟೇ ಬಂದಿದ್ದರು. ವಾರ್ಡಿನಲ್ಲೂ ಸ್ವರ ಕೇಳಿಸುತ್ತಿತ್ತಂತೆ. ಕುಡಿತ ಬಿಟ್ಟವರಿಗೆ ಹಾಗಾಗುವುದುಂಟು, ಇಳಿಯುತ್ತದೆ ಎಂದಿದ್ದರು ಡಾಕ್ಟರು. ಕಾದೆವು. ಇಳಿಯಲಿಲ್ಲ.

ನಮ್ಮ ಮನೆಯಲ್ಲಿ ಕಾಯಿಲೆ ಪರೀಕ್ಷಿಸುವವರು ಅತ್ತೆ. ಸಂಜೆ ಜಗಲಿ ಹತ್ತುವ ಮುಂಚೆ ಇವರು ತಾಯಿಯ ಮುಖದೆದುರು ಬಾಯಿ ತೆರೆದು ಉಸಿರು ಬಿಡಬೇಕು. ನಲವತ್ತು ದಾಟಿದ ಗಂಡಸು! ವಾಸನೆ ಇಲ್ಲದಿದ್ದರೆ ಮಗ ಹುಷಾರು, ಊಟ ಬಡಿಸಬಹುದು. ಇವರ ಅಣ್ಣ, ಅಂದರೆ ನನ್ನ ಭಾವ, ತಮ್ಮ ಇನ್ನು ಮುಟ್ಟುವುದಿಲ್ಲ ಎಂದು ದೈವದ ಎದುರು ಮಾತು ಕೊಟ್ಟಿದ್ದರು. ಮತ್ತೆ ಆಸ್ಪತ್ರೆಗೆ ಕರೆದೊಯ್ದರೆ ಮತ್ತೆ ಕುಡಿದ ಎಂದೇ ಊರು ತಿಳಿಯುತ್ತದೆ. ಕೊಟ್ಟ ಮಾತು ಸುಳ್ಳಾಗುತ್ತದೆ.

"ವಾಸನೆ ಉಂಟಾ? ಇಲ್ಲ. ಮತ್ತೆ ಎಂತ ಆಸ್ಪತ್ರೆ?" ಎಂದರು ಭಾವ.

ನನಗೆ ಸಾಕುಸಾಕಾಗಿತ್ತು. ಇವರಿಗೆ ನಿದ್ದೆ ಇಲ್ಲ, ಹಾಗಾಗಿ ನನಗೂ ಇಲ್ಲ. ಅನ್ನದಲ್ಲಿ ವಿಷ ಉಂಟು ಎನ್ನುವರು. ನಾನು ಮೊದಲು ಒಂದು ತುತ್ತು ತಿಂದು ತೋರಿಸಿದರೆ ಉಣ್ಣುತ್ತಿದ್ದರು. ಕೊನೆಗೆ ಅದೂ ನಿಂತಿತು.

ಒಂದು ಬೆಳಿಗ್ಗೆ ಅಂಗಡಿಗೆ ಹೋಗಿ ನೋಡಿದರೆ ಗಿರಾಕಿಗಳ ಬಟ್ಟೆಯ ಹೊಲಿಗೆಯನ್ನೆಲ್ಲ ಬಿಚ್ಚಿ ಹಾಕಿದ್ದರು. ಮದುಮಗಳ ರವಕೆಯನ್ನೂ ಬಿಟ್ಟಿರಲಿಲ್ಲ.

"ಇದರೊಳಗೆ ಅಡಗಿದ್ದಾರೆ" ಎಂದು ಕತ್ತರಿಯನ್ನು ತಮ್ಮ ಹೊಟ್ಟೆಗೆ ಹಿಡಿದರು. "ಇಲ್ಲಿಯೂ ಇದ್ದಾರೆ."

ಕತ್ತರಿ ಕಿತ್ತುಕೊಂಡೆ.

ಭಾವನೆದುರು ನಾನು ಎಂದೂ ಸ್ವರ ಎತ್ತಿದವಳಲ್ಲ. ಅಂದು ಹೇಳಿದೆ: "ನೀವು ಮಾತು ಕೊಟ್ಟದ್ದು ಕುಡಿತದ್ದು, ಭಾವ. ಇವರು ಕುಡಿಯಲಿಲ್ಲ. ನಿಮ್ಮ ಮಾತು ಉಳಿದಿದೆ. ಈಗ ಮನುಷ್ಯ ಉಳೀಬೇಕಲ್ಲ?"

ಭಾವ ಶಾಲು ಹೆಗಲಿಗೆ ಹಾಕಿಕೊಂಡು, ತಮ್ಮನ ಕೈ ಹಿಡಿದು ಬಸ್ಸಿಗೆ ನಡೆದರು.

ಡಾಕ್ಟರು ಎಲ್ಲ ಕೇಳಿದರು. "ಕುಡಿತ ಒಂದು, ಇದು ಇನ್ನೊಂದು. ಇವರಿಗೆ ಎರಡೂ ಉಂಟು ಅಮ್ಮ. ಈ ಸ್ವರ ಅಡಗಿಸ್ಲಿಕ್ಕೇ ಕುಡಿದಿರಬಹುದು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಇಷ್ಟು ದಿನ ನಾವು ಬಾಯಿ ಮೂಸುತ್ತ ಕೂತಿದ್ದೆವು. ಸಿಟ್ಟು ಬಂತು. ಯಾರ ಮೇಲೆಂದು ತಿಳಿಯಲಿಲ್ಲ. ತಲೆಗೆ ಕರೆಂಟ್ ಕೊಟ್ಟ ದಿನಗಳಲ್ಲಿ ನಾನು ವರಾಂಡದಲ್ಲಿ ಕೂತು ಅಳುತ್ತಿದ್ದೆ. ಆಮೇಲೆ ಹೊಸ ಮಾತ್ರೆ ಸುರುಮಾಡಿದರು.

ಈಗ ಮನೆಯಲ್ಲಿದ್ದಾರೆ. ಮಾತ್ರೆಯಿಂದ ಕೈ ನಡುಗುತ್ತದೆ, ಇಡೀ ದಿನ ತೂಕಡಿಕೆ. ಗುಣವಾಯಿತು ಎಂದು ನಾನು ಯಾರಿಗೂ ಹೇಳುವುದಿಲ್ಲ. ಅನ್ನ ಉಣ್ಣುತ್ತಾರೆ, ಅಷ್ಟಕ್ಕೇ ಕೈಮುಗಿಯುತ್ತೇನೆ.

ನಿನ್ನೆ ಊಟದ ನಡುವೆ ಕೈ ತಡೆದು ಕೂತರು.

"ಮಾತಾಡ್ತಾ ಇದ್ದಾರಾ?" ಎಂದು ಕೇಳಿದೆ.

"ಹೂಂ. ದೂರ ಉಂಟು. ನೀನೂ ಎಂತಾದ್ರೂ ಮಾತಾಡು."

ದಣಿದಿದ್ದೆ. ಆದರೂ ಬೆಳಿಗ್ಗೆ ಮೀನಿನವಳು ನೆರೆಮನೆಯವಳೊಡನೆ ಮಾಡಿದ ಜಗಳದ ಕತೆ ಹೇಳತೊಡಗಿದೆ. ಇವರು ನನ್ನ ಮುಖ ನೋಡುತ್ತ ಮುಂದಿನ ತುತ್ತು ತೆಗೆದುಕೊಂಡರು.