ಬೀಬಿಜಾನ್ ಕೂತ ಫೋಟೊ

ಇವತ್ತು ಕಪಾಟು ತೆಗೆದಾಗ ಹಳೇ ಚರ್ಮದ ವಾಸನೆ ಮೂಗಿಗೆ ಬಡಿಯಿತು. ಒಂದು ಕಾಲಕ್ಕೆ ಪತ್ರಿಕೆಯವರು ಬಳಸುತ್ತಿದ್ದ ಜಾತಿಯ, ಮಿಲಿಟರಿಯವರು ಹರಾಜಿಗೆ ಹಾಕಿದ ದೊಡ್ಡ ಹಸಿರು ಕ್ಯಾಮೆರಾಗಳು ಅಲ್ಲಿವೆ. ಎಲ್ಲರೂ ಫೋನಿನಲ್ಲಿ ಫೋಟೊ ತೆಗೆಯುವಾಗ ಈ ಭಾರ ಹೊತ್ತು ತಿರುಗುವ ಹುಚ್ಚು ನನ್ನದು. ನೀವು ನಕ್ಕರೂ ಬೇಸರವಿಲ್ಲ.

ಶಾಲೆ ಮಾಸ್ತರನಾದ ನನಗೆ ಈ ಹುಚ್ಚು ಹಿಡಿಸಿದವನು ಹುನಗುಂದದ ರಾಜೇಸಾಬ್, ಪಂಪ್‌ಸೆಟ್ ರಿಪೇರಿಯವನು. ಗುಜರಿಯಲ್ಲಿ ಸಿಕ್ಕ ಕ್ಯಾಮೆರಾಗಳನ್ನು ಅವನು ಸರಿಮಾಡುತ್ತಿದ್ದ. ಇಬ್ಬರೂ ಬಾದಾಮಿಯ ಬಂಡೆಗಳ ಮುಂದೆ ನಿಂತು ಬೆವರುತ್ತಿದ್ದೆವು. ಒಂದು ಫೋಟೊಗೆ ಒಂದು ಹಾಳೆ ಫಿಲ್ಮು. ಹಿಂಬದಿಯ ಗಾಜಿನಲ್ಲಿ ನೋಡಿಕೊಂಡು, ಫಿಲ್ಮಿನ ಚಪ್ಪಟೆ ಡಬ್ಬಿ ತೂರಿಸಿ, ಅದಕ್ಕೆ ಮರೆಯಾಗಿರುವ ತಗಡನ್ನು ಎಳೆದು, ಆಮೇಲೆ ಗುಂಡಿ ಒತ್ತಬೇಕು. ತಗಡು ಎಳೆಯದಿದ್ದರೂ ಗುಂಡಿ ಟಕ್ಕೆನ್ನುತ್ತದೆ, ಫಿಲ್ಮಿಗೆ ಮಾತ್ರ ಏನೂ ಕಾಣುವುದಿಲ್ಲ. ನಾನು ಎಷ್ಟೋ ಸಲ ಮರೆತಿದ್ದೇನೆ. ಅವನು ಮರೆತವನಲ್ಲ, ನನ್ನನ್ನು ಹಂಗಿಸುವುದನ್ನೂ ಬಿಟ್ಟವನಲ್ಲ.

ಅವನ ಹೆಂಡತಿ ಬೀಬಿಜಾನ್ ಎಂದೂ ಫೋಟೊಗೆ ಕೂತಿರಲಿಲ್ಲ. ಅವಳ ತವರಿನಲ್ಲಿ ಅದು ಆಗಿಬರುತ್ತಿರಲಿಲ್ಲ. ಅವಳ ಕಾಯಿಲೆಗೆ ಬಾಗಲಕೋಟೆಯ ಡಾಕ್ಟರು ಕೈಚೆಲ್ಲಿದ ಮೇಲೆ, ಒಂದು ಮುಂಜಾನೆ ತಾನಾಗಿಯೇ ಇಳಕಲ್ ಸೀರೆ ಉಟ್ಟು ಅಂಗಳಕ್ಕೆ ಬಂದಳು.

"ಮಗಳಿಗೆ ನನ್ನ ಮಾರಿ ನೆನಪಿರ್ಬೇಕಲ್ರಿ. ಒಂದು ತಗೀರಿ," ಅಂದಳು.

ಇದ್ದದ್ದು ಒಂದೇ ಹಾಳೆ. ರಾಜೇಸಾಬ್ ಕರಿ ಬಟ್ಟೆ ಹೊದ್ದು ಗಾಜಿನಲ್ಲಿ ನೋಡತೊಡಗಿದವನು ಹೊರಗೆ ಬರಲೊಲ್ಲ.

"ಎಷ್ಟೊತ್ತು ನೋಡ್ತೀರಿ? ಬಿಸಲು ಏರಾಕತ್ತೈತಿ."

"ತಡಿ. ನಾ ನಿನ್ನ ಇಷ್ಟು ಸಮಾಧಾನದಿಂದ ನೋಡಿದ್ದ ಇಲ್ಲ."

ಕೊನೆಗೆ ಹೊರಬಂದು ಫಿಲ್ಮು ತೂರಿಸಿ, ಅವಳನ್ನೇ ನೋಡುತ್ತ ಗುಂಡಿ ಒತ್ತಿದ.

ಸಂಜೆ ತೊಳೆದರೆ ಹಾಳೆ ಖಾಲಿ. ತಗಡು ಎಳೆದೇ ಇರಲಿಲ್ಲ. ನಾನು ಫೋನು ತೆಗೆದೆ. ಬೀಬಿಜಾನ್ ತಡೆದಳು.

"ಬ್ಯಾಡ್ರಿ ಮಾಸ್ತರ. ಫೋನಿಂದು ಊರೆಲ್ಲಾ ತಿರಗತೈತಿ. ಇವರ ಡಬ್ಬಿದು ಮನ್ಯಾಗ ಉಳೀತೈತಿ. ಫಿಲ್ಮು ಬರ್ಲಿ, ಕೂಡ್ತೇನಿ."

ಮುಂಬಯಿಯಿಂದ ಫಿಲ್ಮು ಬರುವಷ್ಟರಲ್ಲಿ ಅವಳಿರಲಿಲ್ಲ. ಅವನು ತನ್ನ ಕ್ಯಾಮೆರಾಗಳನ್ನೆಲ್ಲ ನನ್ನ ಮನೆಗೆ ತಂದಿಟ್ಟು ಹೋದ. ಆ ದುಃಖಕ್ಕೆ ಸಮಾಧಾನ ಹೇಳಲು ನನಗೆ ಇಂದಿಗೂ ಬಂದಿಲ್ಲ.

ಆಗ ಚಿಕ್ಕವಳಿದ್ದ ಅವರ ಮಗಳಿಗೆ ಈಗ ಮದುವೆ ಗೊತ್ತಾಗಿದೆ. ಅಪ್ಪನ ಕ್ಯಾಮೆರಾದಲ್ಲೇ ಫೋಟೊ ಬೇಕೆಂದು ಹಟ ಹಿಡಿದದ್ದಕ್ಕೇ ನಾನು ಇವತ್ತು ಅದನ್ನು ಹೊತ್ತು ಹುನಗುಂದಕ್ಕೆ ಹೋದದ್ದು. ಅಂಗಳದಲ್ಲಿ ಕೂತಳು. ಥೇಟ್ ತಾಯಿಯದೇ ಮುಖ. ಫಿಲ್ಮು ತೂರಿಸುವ ಮೊದಲು ರಾಜೇಸಾಬನನ್ನು ಕರೆದೆ, ಬಂದು ಒಮ್ಮೆ ನೋಡು ಎಂದೆ.

"ಬ್ಯಾಡ್ರಿ ಮಾಸ್ತರ," ಅಂದ. "ನಾ ನೋಡಿದ್ರ ಮತ್ತ ಮರೀತೇನಿ."

ಅವನು ಗೋಡೆಯ ಕಡೆ ಮುಖ ಮಾಡಿ ನಿಂತ. ನಾನು ತಗಡು ಎಳೆದೆ.