ಮೂರ್ತಿಯವರ ಗುರುವಾರ

ಮೂರ್ತಿಯವರು ವಯರನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ, ಕೈಯಿಂದ ನೋಡುತ್ತಿದ್ದರು. ಹಾಲ್‌ನಲ್ಲಿದ್ದ ಕಂಪ್ಯೂಟರಿನ ಬೆನ್ನಿನಿಂದ ಹೊರಟ ಕಪ್ಪು ಕೇಬಲನ್ನು ಎರಡು ಬೆರಳುಗಳ ನಡುವೆ ಹಿಡಿದು, ಕಣ್ಣು ಅರ್ಧ ಮುಚ್ಚಿ, ಗೋಡೆಯಂಚಿನಲ್ಲಿ ಕೂತುಕೊಂಡೇ ಸರಿಯುತ್ತ ಒಳಕೋಣೆಯವರೆಗೆ ಹೋಗುತ್ತಿದ್ದರು. ಅರವತ್ತು ದಾಟಿದ ಮನುಷ್ಯ, ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಹಾಗೆ ತೆವಳುವುದನ್ನು ಕಂಡು ನಾನು ಮೊದಮೊದಲು ಕಿಸಕ್ಕನೆ ನಕ್ಕದ್ದುಂಟು. ಅವರು ತಲೆ ಎತ್ತದೆ ಹೇಳುತ್ತಿದ್ದರು: "ನಗು, ನಗು. ಮೆಶೀನು ಸುಮ್ಮಸುಮ್ಮನೆ ಕೆಡಲ್ಲಮ್ಮ. ಮೊದಲು ದಾರಿ ನೋಡ್ಬೇಕು. ಈ ತುದಿಯಿಂದ ಆ ತುದಿವರೆಗೂ ನೋಡದೆ ಯಾರ ಮೇಲೂ ತಪ್ಪು ಹಾಕ್ಬಾರದು."

ಸಯನ್‌ನಲ್ಲಿ ನಮ್ಮದೂ ಅವರದೂ ಒಂದೇ ಬಿಲ್ಡಿಂಗು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮನೆಯಲ್ಲಿ ಒಂದು ಕಂಪ್ಯೂಟರ್ ಇದ್ದರೇ ಜನ ಬಗ್ಗಿ ನೋಡುತ್ತಿದ್ದ ಕಾಲ, ಇವರಲ್ಲಿ ಎರಡು, ಅವುಗಳ ನಡುವೆ ವಯರು ಬೇರೆ. ಇರುವವರು ಗಂಡ ಹೆಂಡತಿ ಇಬ್ಬರೇ. "ಆಫೀಸ್ ಖೋಲಾ ಹೈ ಕ್ಯಾ?" ಎಂದು ಎದುರುಮನೆಯವರು ಕಾಲೆಳೆದರೆ, "ಹಾಂಜಿ, ಮೇಡಂ ಬಾಸ್ ಹೈ" ಎಂದು ಇವರು ಒಳಗೆ ಬೆರಳು ತೋರಿಸುತ್ತಿದ್ದರು.

ಆ ಮೇಡಂ ಅವರ ಹೆಂಡತಿ ಜಯಮ್ಮ. ಗಂಟಲಿನ ಆಪರೇಷನ್ ಆದಮೇಲೆ ಅವರಿಗೆ ದನಿ ಉಳಿಯಲಿಲ್ಲ. ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದರು. ಮೂರ್ತಿಯವರು ರಿಟೈರಾದ ಮೇಲೂ ಬೈಕುಲ್ಲಾದ ವರ್ಕ್‌ಶಾಪುಗಳಿಗೆ ಬಿಡಿಭಾಗಗಳ ಡ್ರಾಯಿಂಗ್ ಮಾಡಿಕೊಡುತ್ತಿದ್ದರು. ಕಂಪ್ಯೂಟರಿನ ಮುಂದೆ ಕೂತರೆ ಲೋಕವೇ ಮರೆಯುತ್ತಿತ್ತು. ಒಂದು ಮಧ್ಯಾಹ್ನ ಏನೋ ನೆನಪಾಗಿ ಹಿಂದೆ ತಿರುಗಿ ನೋಡಿದರೆ, ಜಯಮ್ಮ ಸ್ಲೇಟು ಹಿಡಿದು ನಿಂತಿದ್ದಾರೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಸ್ಲೇಟಿನ ಮೇಲೆ 'ಊಟಕ್ಕೆ ಬನ್ನಿ' ಎಂದಷ್ಟೇ ಇತ್ತು. "ಕಟ್ಕೊಂಡ ಹೆಂಡತಿ ನನ್ನ ಬೆನ್ನಿಗೆ ಅರ್ಜಿ ಹಿಡ್ಕೊಂಡು ನಿಂತಿದ್ಲಮ್ಮ, ಸುಮಾ" ಎಂದು ಅವರು ನನಗೆ ಹೇಳಿದ್ದರು.

ಅದಾದ ಮೇಲೆಯೇ ಎರಡನೆಯ ಕಂಪ್ಯೂಟರ್ ಬಂದದ್ದು. ಯಾವುದೋ ಆಫೀಸಿನವರು ತೆಗೆದುಹಾಕಿದ್ದನ್ನು ತಂದು ಒಳಕೋಣೆಯಲ್ಲಿ, ದೇವರ ಗೂಡಿನ ಪಕ್ಕದ ಮೇಜಿನ ಮೇಲೆ ಇಟ್ಟರು. ಜಯಮ್ಮ ಫೋರ್ಟಿನ ಆಫೀಸೊಂದರಲ್ಲಿ ಟೈಪಿಸ್ಟ್ ಆಗಿದ್ದವರು. ಅವರು ಒಳಗೆ ಟೈಪ್ ಮಾಡಿದ್ದು ಗಂಡನ ಕಂಪ್ಯೂಟರಿನಲ್ಲಿದ್ದ 'ಜಯ' ಎಂಬ ಫೈಲಿಗೆ ಹೋಗಿ ಸೇರುತ್ತಿತ್ತು. ಸೇರಿದ ಕೂಡಲೇ ಇಲ್ಲಿ ಬೀಪ್ ಎನ್ನುತ್ತಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚ ಮೈಸೂರು ಕನ್ನಡ: 'ಸೊಪ್ಪಿನವನು ಕೂಗ್ತಿದಾನೆ, ನಿಮಗೆ ಕಿವಿ ಇದೆಯೋ ಇಲ್ವೋ?' ದನಿ ಇದ್ದಾಗಲೂ ಜಯಮ್ಮ ಇಷ್ಟು ಬೈದಿರಲಿಲ್ಲವಂತೆ. ಮೂರ್ತಿಯವರು ಆ ಬೈಗುಳಗಳನ್ನು ನನಗೆ ಓದಿ ಹೇಳಿ ಹಿಗ್ಗುತ್ತಿದ್ದರು.

ಸಂಪರ್ಕ ತಪ್ಪಿದಾಗಲೆಲ್ಲ ನನಗೆ ಬುಲಾವ್. ರಿಪೇರಿಯಲ್ಲಿ ನನ್ನ ಕೆಲಸ ಬುದ್ಧಿಯದಲ್ಲ, ಗಂಟಲಿನದು. ಅವರು ಹಾಲ್‌ನಿಂದ "ಬಂತಾ?" ಎಂದು ಕೂಗಿದರೆ ಒಳಕೋಣೆಯಿಂದ "ಬರ್ಲಿಲ್ಲ" ಎಂದು ಕೂಗಲು ಒಬ್ಬರು ಬೇಕಲ್ಲ. ಜಯಮ್ಮ ನನ್ನ ಪಕ್ಕದಲ್ಲೇ ಕೂತು, ನಾನು "ಬಂತು" ಎನ್ನುವ ಮೊದಲೇ ಚಪ್ಪಾಳೆ ತಟ್ಟುತ್ತಿದ್ದರು.

ಹೀಗಿರುವಾಗ ಒಂದು ವಿಚಿತ್ರ ಕಾಟ ಅಂಟಿಕೊಂಡಿತು. ಪ್ರತಿ ಗುರುವಾರ ಸಂಜೆ ಎರಡೂ ಕಂಪ್ಯೂಟರುಗಳು ಒಂದನ್ನೊಂದು ಮರೆತುಬಿಡುತ್ತಿದ್ದವು. ಶುಕ್ರವಾರ ಪೂಜೆಯಾಗಿ ತಿಂಡಿಗೆ ಕೂರುವ ಹೊತ್ತಿಗೆ ತಾವಾಗಿಯೇ ಸರಿಹೋಗುತ್ತಿದ್ದವು. ಮೂರ್ತಿಯವರು ವಯರು ಸಿಕ್ಕಿಸುವ ಕಾರ್ಡು ಬದಲಿಸಿದರು, ಪ್ರೋಗ್ರಾಮು ಮತ್ತೆ ಹಾಕಿದರು, ವಾರವಾರವೂ ತೆವಳಿದರು. ನಗು ಹೋಗಿ ನನಗೆ ಸಂಕಟವಾಗತೊಡಗಿತು. "ಅವಳು ಅಲ್ಲಿ ಕೂತು ಹೇಳ್ತಾನೇ ಇದಾಳೆ ಸುಮಾ, ನನಗೆ ಕೇಳಿಸ್ತಿಲ್ಲ" ಎನ್ನುತ್ತಿದ್ದರು.

ಆ ಮನೆಯ ಮಡಿ ನನಗೆ ಆಮೇಲೆ ತಿಳಿಯಿತು. ಗುರುವಾರ ಸಂಜೆ ದೇವರ ಪಾತ್ರೆ ತೊಳೆದಿಟ್ಟ ಮೇಲೆ, ಮರುದಿನ ಸ್ನಾನವಾಗುವವರೆಗೆ ಮೂರ್ತಿಯವರು ಗೂಡಿನ ಮೂಲೆಗೆ ಕೈ ಚಾಚುವಂತಿರಲಿಲ್ಲ. ಜಯಮ್ಮನ ಕಂಪ್ಯೂಟರಿನ ಬೆನ್ನು ಇದ್ದದ್ದು ಆ ಮೂಲೆಯಲ್ಲೇ. ಈ ತುದಿಯಿಂದ ಆ ತುದಿವರೆಗೆ ಎಂದು ಎಲ್ಲರಿಗೂ ಪಾಠ ಹೇಳುವ ಮನುಷ್ಯ, ಪ್ರತಿ ಸಲವೂ ಒಂದು ಮೊಳ ಮೊದಲೇ ಕೈ ನಿಲ್ಲಿಸುತ್ತಿದ್ದರು.

ಕೊನೆಗೆ ಒಂದು ಗುರುವಾರ, "ಬರ್ಲಿಲ್ಲ" ಎಂದು ಕೂಗಿ ಕೂಗಿ ಬೇಸತ್ತು ಸುಮ್ಮನೆ ದೇವರ ಗೂಡಿನತ್ತ ನೋಡುತ್ತಿದ್ದೆ. ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದ ದೀಪ, ಗಂಟೆ, ಪಂಚಪಾತ್ರೆ ಎಲ್ಲ ತಟ್ಟೆಯಲ್ಲಿ ಬೋರಲಾಗಿದ್ದವು. ಅವುಗಳ ನಡುವೆ ಬೆರಳ ತುದಿಯಷ್ಟಿದ್ದ ಲೋಹದ ಮುಚ್ಚಳವೊಂದು ಹೊಳೆಯುತ್ತಿತ್ತು. ಕೇಬಲಿನ ಎರಡೂ ತುದಿಗೆ ಅಂಥದ್ದೊಂದು ಇರಲೇಬೇಕು. ಒಂದು ಕಳಚಿದರೂ ಇಡೀ ದಾರಿ ಬಂದ್.

"ಅಂಕಲ್, ಇಲ್ಲಿ ಬನ್ನಿ" ಎಂದೆ.

ಮೂರ್ತಿಯವರು ಬಾಗಿಲಲ್ಲೇ ನಿಂತು ನೋಡಿದರು. ಒಳ್ಳೆ ಮಾತಿಗೆ ಹೆಸರಾದ ಅವರು ಆ ಹೊತ್ತು ಸಿಡಿಯುತ್ತಾರೇನೋ ಎಂದು ನಾನು ಹೆದರಿದೆ. ಜಯಮ್ಮ ಮಾತ್ರ ಏನಾಯಿತೆಂದು ತಿಳಿಯದೆ, ಹಳೆಯ ಸ್ಲೇಟು ತೆಗೆದು ಬರೆದರು: 'ನನ್ನ ಮಾತು ಹೋಗೋ ದಾರಿ ಅಲ್ವೇ? ಕಪ್ಪು ಹಿಡಿದಿತ್ತು. ದೇವರ ಪಾತ್ರೆ ಜೊತೆ ತೊಳೀತೀನಿ, ಪೂಜೆಯಾದ ಮೇಲೆ ಹಾಕಿಡ್ತೀನಿ.'

ಮೂರ್ತಿಯವರು ಅದನ್ನು ಓದಿದರು. ಅದನ್ನು ತೊಳೆಯುವಾಗ ಹಾಕಲು ಇನ್ನೊಂದು ಮುಚ್ಚಳ ತಂದಿಟ್ಟಿದ್ದರೆ ಕಾಟ ಅಂದಿಗೇ ಮುಗಿಯುತ್ತಿತ್ತು. ನಾನು ಹಾಗೆಂದೆ ಕೂಡ. "ಬೇಡ, ತೊಳೀಲಿ" ಎಂದರು. "ಗುರುವಾರ ಸಂಜೆ ನಾನೇ ಮೆಶೀನು ಆಫ್ ಮಾಡಿ ಬರ್ತೀನಿ." ಅಂದಿನಿಂದ ಗುರುವಾರ ಸಂಜೆಯೆಂದರೆ ಒಳಕೋಣೆಯಲ್ಲಿ ಜಯಮ್ಮನ ಕುರ್ಚಿ, ಎದುರಿಗೆ ಮೂರ್ತಿಯವರ ಸ್ಟೂಲು, ನಡುವೆ ಸ್ಲೇಟು. ಅವರ ಅತ್ಯಂತ ದೊಡ್ಡ ರಿಪೇರಿ ಅದೇ ಎಂದು ಈಗ ನನಗನ್ನಿಸುತ್ತದೆ.

ಕಾಯಿಲೆ ಮರಳಿ ಬಂದು ಜಯಮ್ಮ ತೀರಿಕೊಂಡರು. ಅಷ್ಟರಲ್ಲಿ ನಾನು ಮದುವೆಯಾಗಿ ವಡಾಲಕ್ಕೆ ಹೋಗಿದ್ದೆ. ಮೂರ್ತಿಯವರು ಮನೆ ಖಾಲಿ ಮಾಡಿ ಮೈಸೂರಿಗೆ, ತಮ್ಮನ ಮನೆಗೆ ಹೊರಟಿದ್ದಾರೆಂದು ಅಮ್ಮ ಹೇಳಿದ ದಿನ ಆಫೀಸಿನಿಂದ ನೇರವಾಗಿ ಸಯನ್‌ಗೆ ಬಂದೆ. ಬಾಗಿಲು ತೆರೆದಿತ್ತು. ಅರ್ಧ ಕಟ್ಟಿದ ಗಂಟುಗಳ ನಡುವೆ ಎರಡೂ ಕಂಪ್ಯೂಟರುಗಳು ಇನ್ನೂ ಆನ್ ಆಗಿಯೇ ಇದ್ದವು. ಹಾಲ್‌ನದು, ಆ ಕಡೆಯದು ಸಿಗುತ್ತಿಲ್ಲ ಎಂದು ತೋರಿಸುತ್ತಿತ್ತು. ನನಗರಿವಿಲ್ಲದೆ ಕುಕ್ಕರಗಾಲಿನಲ್ಲಿ ಕೂತು, ವಯರನ್ನು ಎರಡು ಬೆರಳಲ್ಲಿ ಹಿಡಿದು ಸರಿಯುತ್ತ ಒಳಗೆ ಹೋದೆ. ದೇವರ ಮೂಲೆ ಬಂದಾಗ ನನ್ನ ಕೈಯೂ ನಿಂತಿತು. ತುದಿಯಲ್ಲಿ ಮುಚ್ಚಳವಿರಲಿಲ್ಲ.

ಅಡುಗೆಮನೆಯಲ್ಲಿ ನಲ್ಲಿಯ ಸದ್ದು. ಮೂರ್ತಿಯವರು ಹುಣಸೆಹಣ್ಣು ಹಿಡಿದು ದೀಪ ತಿಕ್ಕುತ್ತಿದ್ದರು. ಪಕ್ಕದಲ್ಲಿ ತೊಳೆದ ಮುಚ್ಚಳ.

"ಅಂಕಲ್, ಆ ಕಡೆ ಸಿಗ್ತಿಲ್ಲ" ಎಂದೆ.

"ಇವತ್ತು ಗುರುವಾರ ಅಲ್ವೇನಮ್ಮ" ಎಂದರು, ತಿರುಗದೆ.

ಪಾತ್ರೆಗಳನ್ನೆಲ್ಲ ಒರೆಸಿ ತಟ್ಟೆಯಲ್ಲಿಟ್ಟು, ಹಾಲ್‌ನ ಮೆಶೀನು ಆಫ್ ಮಾಡಿ, ಒಳಕೋಣೆಗೆ ಬಂದು ತಮ್ಮ ಸ್ಟೂಲಿನ ಮೇಲೆ ಕೂತರು. ಎದುರಿಗಿದ್ದ ಜಯಮ್ಮನ ಕುರ್ಚಿ ತೋರಿಸಿ ನನಗೆ ಕೂರಲು ಹೇಳಿದರು. ನನ್ನಿಂದಾಗಲಿಲ್ಲ. ನೆಲದ ಮೇಲೆ ಕೂತೆ.