ಹಳಿಯ ಎರಡು ತುದಿ, ಅಜ್ಜಿಯ ಅಮಾವಾಸ್ಯೆ

ಬಳ್ಳಾರಿಗೆ ಸಮುದ್ರವಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಮೈಯುರಿಯುತ್ತದೆ. ಯಾಕಿಲ್ಲ? ಒಂದಲ್ಲ, ಎರಡಿದ್ದವು. ಸ್ಟೇಷನ್ನಿಗೆ ಹೋಗಿ ಪಡುವಣಕ್ಕೆ ಹೊರಟ ಗಾಡಿ ಹತ್ತಿದರೆ ಹುಬ್ಬಳ್ಳಿ ದಾಟಿ, ಘಟ್ಟ ಇಳಿದು, ಗೋವೆಯ ಮರ್ಮಗೋವಾದಲ್ಲಿ ಹಳಿ ಮುಗಿಯುತ್ತಿತ್ತು. ಮೂಡಣದ ಗಾಡಿ ಹತ್ತಿ ಗುಂತಕಲ್ಲಿನಲ್ಲಿ ಬದಲಿಸಿದರೆ ನಂದ್ಯಾಲ, ಬೆಜವಾಡ ದಾಟಿ ಮಚಲೀಪಟ್ಟಣದಲ್ಲಿ ಮುಗಿಯುತ್ತಿತ್ತು. ನಮ್ಮ ಓಣಿಯ ತೆಲುಗಿನವರು ಆ ಊರನ್ನು ಬಂದರು ಎನ್ನುತ್ತಿದ್ದರು, ನಾವೂ ಹಾಗೇ ಅನ್ನುತ್ತಿದ್ದೆವು. ಒಂದೇ ಹಳಿಯ ಎರಡು ತುದಿಗೆ ಎರಡು ಸಮುದ್ರ ಕಟ್ಟಿಕೊಂಡು ನಡುವೆ ಕೂತ ಊರು ನಮ್ಮದು. ಬಿಸಿಲಿಗೆ ಬಂಡೆ ಸಿಡಿಯುತ್ತಿತ್ತು ನಿಜ, ಅದು ಬೇರೆ ಮಾತು.

ನಮ್ಮಪ್ಪ ಸ್ಟೇಷನ್ನಿನಲ್ಲಿ ಪಾರ್ಸಲ್ ಗುಮಾಸ್ತ. ವರ್ಷಕ್ಕೊಮ್ಮೆ ಮನೆಮಂದಿಗೆಲ್ಲ ಪುಕ್ಕಟೆ ಪಾಸು ಸಿಗುತ್ತಿತ್ತು. ಬೇರೆಯವರು ಅದರಲ್ಲಿ ನೆಂಟರ ಮನೆಗೆ ಹೋಗುತ್ತಿದ್ದರು. ಅಪ್ಪನದು ಒಂದೇ ಹಟ. “ನಡುವ ಇಳಿಯೋರು ಟಿಕೀಟಿನ ಮಂದಿ. ನಾವು ರೈಲ್ವೆ ಮಂದಿ, ಹಳಿ ಮುಗಿಯೋ ತನಕ ಹೋಗೋರು” ಎನ್ನುತ್ತಿದ್ದ. ಅವ್ವ ತುಂಗಭದ್ರೆಯ ದಂಡೆಯ ಸಿರುಗುಪ್ಪದವಳು. “ಹೊಳಿ ಕಂಡಾಕಿಗೆ ಸಮುದ್ರ ಯಾವ ಲೆಕ್ಕ? ಕುಡಿಲಿಕ್ಕೆ ಒಂದು ಬೊಗಸಿ ನೀರಿಲ್ಲ, ಹೆಸರು ಮಾತ್ರ ದೊಡ್ಡದು” ಎಂದು ಮೂಗು ಮುರಿಯುತ್ತಿದ್ದಳು. ಮೂಗು ಮುರಿಯುತ್ತಲೇ ಎಲ್ಲರಿಗಿಂತ ಮೊದಲು ಟ್ರಂಕು ತುಂಬುತ್ತಿದ್ದವಳೂ ಅವಳೇ.

ನನಗೆ ಸಮುದ್ರವೆಂದರೆ ಹುಚ್ಚು. ಆದರೆ ಮನೆಯಲ್ಲಿ ನನಗಿಂತ ದೊಡ್ಡ ಹುಚ್ಚು ಹಿಡಿದಿದ್ದು ಅಜ್ಜಿಗೆ. ಅಪ್ಪನ ತಾಯಿ ಅವಳು, ನಮ್ಮ ಜೊತೆಗೇ ಇದ್ದಳು. ಹುಟ್ಟಿ ಬೆಳೆದದ್ದು ಕುರುಗೋಡಿನ ಕಲ್ಲುಗುಡ್ಡಗಳ ನಡುವೆ. ಸಾಯುವುದರೊಳಗೆ ಒಂದೇ ಒಂದು ಸಮುದ್ರಸ್ನಾನ ಆಗಬೇಕೆಂಬುದು ಅವಳ ಆಸೆ. ಅಜ್ಜ ಬದುಕಿದ್ದಾಗ, ಅಜ್ಜನ ಶಲ್ಯಕ್ಕೆ ಅಜ್ಜಿಯ ಸೆರಗು ಗಂಟು ಹಾಕಿಕೊಂಡು ಜೋಡಿಯಾಗಿ ಮುಳುಗಿ ಬರೋಣ ಎಂದು ಮಾತಾಗಿತ್ತಂತೆ. ಅಜ್ಜ ಅವಸರದ ಮನುಷ್ಯ, ಒಬ್ಬನೇ ಹೋಗಿಬಿಟ್ಟ. ಈಗ ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಕಣ್ಣು ಪೂರ್ತಿ ಮುಚ್ಚುವುದರೊಳಗೆ ಸಮುದ್ರವನ್ನು ಕಂಡು, ಅದರಲ್ಲಿ ಮುಳುಗಬೇಕು.

ಇದರಲ್ಲೇನು ಕಷ್ಟ, ಪಾಸಿದೆ, ರೈಲಿದೆ ಅನ್ನಬೇಡಿ. ಕಷ್ಟವಿದ್ದದ್ದು ಶಾಸ್ತ್ರದಲ್ಲಿ. ನಮ್ಮ ಮಂದಿ ಸಮುದ್ರವನ್ನು ಬೇಕಾದಾಗ ಮುಟ್ಟುವಂತಿಲ್ಲ. ದೂರದಿಂದ ಕೈಮುಗಿಯಬಹುದು. ಮುಟ್ಟುವುದು, ಮುಳುಗುವುದು ಎಲ್ಲ ಅಮಾವಾಸ್ಯೆ, ಹುಣ್ಣಿಮೆ, ಗ್ರಹಣದಂಥ ಪರ್ವದ ದಿನ ಮಾತ್ರ. ಬೇರೆ ದಿನ ಮುಟ್ಟಿದರೆ ಪಾಪ. ಅಪ್ಪನಿಗೆ ರಜೆ ಕೊಡುವ ಸಾಹೇಬರಿಗೆ ಅಮಾವಾಸ್ಯೆ ಎಲ್ಲಿ ಗೊತ್ತು?

ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಾವು ಮೊದಲ ಸಲ ಮರ್ಮಗೋವಾಕ್ಕೆ ಹೋದೆವು. ಆಗ ಗೋವೆ ಇನ್ನೂ ಪೋರ್ಚುಗೀಸರ ಕೈಯಲ್ಲಿತ್ತು. ಘಟ್ಟದಲ್ಲಿ ಹಾಲು ಸುರಿದಂತೆ ಬೀಳುವ ನೀರು ನೋಡಿ ಬಾಯಿ ಮುಚ್ಚುವುದರೊಳಗೆ ಗಡಿಯ ಠಾಣೆ ಬಂತು. ಒಬ್ಬ ಪೊಲೀಸಿನವನು ಅಜ್ಜಿಯ ಗಂಟಿಗೆ ಕೈಹಾಕಿದ. “ಮುಟ್ಟಬ್ಯಾಡೋ ನನ್ನಪ್ಪಾ, ಮಡಿ!” ಎಂದು ಅಜ್ಜಿ ಕೂಗಿದ್ದಕ್ಕೆ, ಒಳಗೆ ಬಂಗಾರವೇ ಇದೆ ಎಂದುಕೊಂಡನೋ ಏನೋ, ಪೂರ್ತಿ ಬಿಚ್ಚಿ ನೋಡಿದ. ಸಿಕ್ಕಿದ್ದು ಒಂದು ಸೀರೆ, ತುಳಸಿಮಾಲೆ, ಎರಡು ಸೇರು ಅವಲಕ್ಕಿ. ಅಜ್ಜಿ ಆ ಅವಲಕ್ಕಿಯನ್ನು ಮತ್ತೆ ಬಾಯಿಗಿಡಲಿಲ್ಲ. ನಾನು ಖುಷಿಯಿಂದ ಮುಗಿಸಿದೆ.

ಮರ್ಮಗೋವಾ ನೋಡಿದರೆ ಕಣ್ಣು ತಂಪು. ಕೆಂಪು ಮಣ್ಣು, ನೀಲಿ ನೀರು, ಮನೆಗಿಂತ ಎತ್ತರದ ಹಡಗುಗಳು. ಆದರೆ ನಾವು ಹೋದ ದಿನ ನವಮಿ. ಅಪ್ಪ ಪಂಚೆ ಎತ್ತಿ ಕಟ್ಟಿ ನೀರಿಗಿಳಿದೇಬಿಟ್ಟ. ಟೈಂಟೇಬಲ್ಲೇ ಪಂಚಾಂಗವಾದವನಿಗೆ ಯಾವ ತಿಥಿ? ಅಜ್ಜಿ ಮಾತ್ರ ಇಪ್ಪತ್ತು ಮಾರು ದೂರದಲ್ಲಿ ಕೊಡೆ ಬಿಚ್ಚಿಕೊಂಡು ಕೂತಳು. ಅಲೆ ಸ್ವಲ್ಪ ಮುಂದೆ ಬಂದರೆ ತಾನು ಸ್ವಲ್ಪ ಹಿಂದೆ ಸರಿಯುವಳು. ಸಂಜೆಯ ತನಕ ಹೀಗೇ ನಡೆಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಿಂದಿರುಗುವ ಗಾಡಿಯಲ್ಲಿ ಅವಳು ಕಿಟಕಿಯ ಬಾಗಿಲು ಎಳೆದುಕೊಂಡು ಕೂತಳು. ನನಗೆ ಅಳುವೇ ಬಂತು.

“ಇನ್ನು ಅಮ್ಮಗ ಸ್ನಾನ ಆಗೋ ದಿನ ಕೂಡಿಬಂದ್ರ ಮಾತ್ರ ಸಮುದ್ರ. ಇಲ್ಲಂದ್ರ ಇಲ್ಲ” ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿಬಿಟ್ಟ. ಎರಡು ವರ್ಷ ದಿನ ಕೂಡಲೇ ಇಲ್ಲ. ಪಾಸು ಸುಮ್ಮನೆ ಹೋಯಿತು.

ಮೂರನೆಯ ಬೇಸಿಗೆ. ನಾನಾಗ ಹನ್ನೊಂದು ವರ್ಷದ ಹುಡುಗಿ. ರಜೆಗೆಂದು ನಾನೂ ಅಜ್ಜಿಯೂ ಕುರುಗೋಡಿನಲ್ಲಿ ಅವಳ ತಮ್ಮನ ಮನೆಯಲ್ಲಿದ್ದೆವು. ಅಪ್ಪನ ಕಾರ್ಡು ಬಂತು. ಗುರುವಾರ ಸಂಜೆ ಹೊರಟರೆ ಶನಿವಾರ ಬೆಳಿಗ್ಗೆ ಬಂದರಿನ ಸಮುದ್ರ, ಅದೇ ಮಧ್ಯಾಹ್ನ ವಾಪಸ್ಸು, ಸೋಮವಾರ ಡ್ಯೂಟಿ. ಅಮ್ಮನಿಗೆ ಸರಿಹೋಗುವುದಾದರೆ ತಿಳಿಸಿ ಎಂದು ಬರೆದಿದ್ದ.

“ಪಂಚಾಂಗ ನೋಡು” ಎಂದಳು ಅಜ್ಜಿ. ಕಣ್ಣು ಮಂಜಾದ ಮೇಲೆ ಅದನ್ನು ಓದಿ ಹೇಳುವ ಕೆಲಸ ನನ್ನದಾಗಿತ್ತು. ಮೊಳೆಗೆ ತೂಗುಹಾಕಿದ್ದನ್ನು ತೆಗೆದು ನೋಡಿದೆ. ಶನಿವಾರ ಚತುರ್ದಶಿ. ಅಮಾವಾಸ್ಯೆ ಭಾನುವಾರ. ಹಾಳಾದ ಒಂದು ದಿನ! ಈ ಒಂದು ದಿನಕ್ಕಾಗಿ ಇಡೀ ಸಮುದ್ರ ಬಿಡುವುದೇ?

“ಶನಿವಾರನ ಅಮಾವಾಸ್ಯಿ ಅಜ್ಜಿ” ಎಂದೆ.

ಅಜ್ಜಿ ಎರಡೂ ಕೈಯಿಂದ ನನ್ನ ಮುಖ ನೀವಿ ಲಟಿಕೆ ಮುರಿದಳು. “ಈ ಊರಾಗ ಯಾರ ಮುಂದೂ ಬಾಯಿ ಬಿಡಬ್ಯಾಡ. ಯಾತ್ರಿ ಸುದ್ದಿ ಮೊದಲ ಹೇಳಿದ್ರ ಯಾತ್ರಿ ಕೆಡ್ತದ” ಎಂದಳು. ನಾನೇಕೆ ಬಾಯಿ ಬಿಡಲಿ? ಆದರೆ ಅವತ್ತಿನಿಂದ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪಾಡು ನನ್ನದಾಯಿತು. ಆ ಮನೆಯ ಆಳುಮನುಷ್ಯ ಎತ್ತುಗಳ ಮೈ ತೊಳೆಯುತ್ತ, “ಅಮಾಸಿ ದಿನ ಎತ್ತು ಹೂಡಾಂಗಿಲ್ರಿ ನಮ್ಮ ಕಡಿ. ಅವಕೂ ಒಂದಿನ ರಜಾ ಐತಿ” ಎಂದು ಯಾರಿಗೋ ಹೇಳಿದರೂ ನಾನು ಅಲ್ಲಿಂದ ಕಾಲು ಕೀಳುತ್ತಿದ್ದೆ.

ಮಂಗಳವಾರ ಬಸ್ಸು ಹತ್ತಿ ಬಳ್ಳಾರಿಗೆ ಬಂದೆವು. ಶನಿವಾರ ಅಮಾವಾಸ್ಯೆಯಂತೆ ಎಂದು ಅವ್ವನಿಗೆ ಹೇಳಿದೆ. ಅವಳು ಮೊರ ಹಿಡಿದು ಅಕ್ಕಿ ಕೇರುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. “ಯಾರು ನೋಡಿದ್ರು ಪಂಚಾಂಗ?” “ನಾನ.” “ಹೂಂ. ಆತು ಬಿಡು” ಎಂದು ಮತ್ತೆ ಕೇರತೊಡಗಿದಳು. ಮರುದಿನ ಬುಧವಾರ ಅಜ್ಜಿ, ಅವ್ವ ಇಬ್ಬರದೂ ಏಕಾದಶಿ, ನೀರು ಕೂಡ ಇಲ್ಲ. ನನಗೂ ಅಪ್ಪನಿಗೂ ಉಪ್ಪಿಟ್ಟು. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ. ತಿನ್ನುವಾಗ ತಲೆ ಓಡಿಸಬೇಕಿತ್ತು, ಓಡಿಸಲಿಲ್ಲ.

ರೈಲಿನ ಸಂಭ್ರಮ ಏನು ಹೇಳಲಿ! ನಂದ್ಯಾಲದ ಆಚೆ ಕಾಡು, ಸುರಂಗ. ಸುರಂಗ ಬಂದಾಗಲೆಲ್ಲ ಡಬ್ಬಿಯ ಮಕ್ಕಳೆಲ್ಲ ಕಿರುಚುವುದು, ನಾನು ಎಲ್ಲರಿಗಿಂತ ಜೋರಾಗಿ. ಆಮೇಲೆ ಕಣ್ಣು ಹರಿದಷ್ಟು ದೂರ ಕಾಲುವೆ, ಗದ್ದೆ, ತಾಳೆಮರ. ಅವ್ವ ಕೂಡ ಸಿರುಗುಪ್ಪ ಮರೆತು ಕಿಟಕಿಗೆ ಅಂಟಿಕೊಂಡಳು. ಶುಕ್ರವಾರ ಸಂಜೆ ಬಂದರು ತಲುಪಿ ಛತ್ರದಲ್ಲಿ ಇಳಿದೆವು. ಆ ಊರಿನ ಗಾಳಿಯಲ್ಲೇ ಉಪ್ಪು. ಅಪ್ಪ ಅಲ್ಲಿಯ ಹೆಸರಾಂತ ಲಾಡು ತಂದ. ಬಾಯಲ್ಲಿಟ್ಟರೆ ಕರಗಿಹೋಗುತ್ತಿತ್ತು. ನಾನು ಮಾತ್ರ ಅರ್ಧ ಕಚ್ಚಿ ಎತ್ತಿಟ್ಟೆ.

ಶನಿವಾರ ಬೆಳಿಗ್ಗೆ. ಅಲ್ಲಿ ಸಮುದ್ರ ಊರಿನಿಂದ ದೂರ. ಅಪ್ಪ ತೆಲುಗಿನಲ್ಲಿ ಚೌಕಾಶಿ ಮಾಡಿ ಬಂಡಿ ಕರೆತಂದ. ನೋಡುತ್ತೇನೆ, ಎತ್ತಿನ ಬಂಡಿ! ಕೆಟ್ಟೆ ಎಂದುಕೊಂಡೆ. ಅಮಾವಾಸ್ಯೆಯ ದಿನ ಎತ್ತು ಹೂಡಿದ್ದಾರೆ ಎಂದರೆ ಅಜ್ಜಿ ಕೇಳದೆ ಬಿಡುತ್ತಾಳೆಯೇ? ಅಜ್ಜಿ ಎತ್ತುಗಳ ಹತ್ತಿರ ಹೋದಳು. ಒಂದರ ಹಣೆ ಸವರಿದಳು. ಬಂಡಿ ಹತ್ತಿ ಕೂತಳು.

ಬಂದರಿನ ಸಮುದ್ರ ಮರ್ಮಗೋವಾದ ಹಾಗೆ ನೀಲಿಯಲ್ಲ, ಹಾಲು ಕಡಿಮೆ ಹಾಕಿದ ಚಹಾದ ಬಣ್ಣ. ಆದರೆ ಎಷ್ಟು ವಿಶಾಲ! ಅಪ್ಪ, ಅವ್ವ ಬಂಡಿಯ ಹತ್ತಿರ ಉಳಿದರು. ಅಜ್ಜಿ ನನ್ನ ಕೈ ಹಿಡಿದು ನೀರಿನ ಅಂಚಿಗೆ ಬಂದು ನಿಂತಳು, ಇನ್ನೂ ಮುಟ್ಟಿರಲಿಲ್ಲ. ಮೊದಲು ಸಂಕಲ್ಪ ಹೇಳಬೇಕು. ವರ್ಷ, ಮಾಸ, ಪಕ್ಷ, ತಿಥಿ ಎಲ್ಲ ಬಾಯಿಬಿಟ್ಟು ಹೇಳಿ, ಇಂಥ ದಿನ ಸ್ನಾನ ಮಾಡುತ್ತೇನೆ ಎಂದು ದೇವರಿಗೆ ತಿಳಿಸಬೇಕು. ಅಜ್ಜಿ ಕಣ್ಣು ಮುಚ್ಚಿ ಶುರು ಮಾಡಿದಳು. ವರ್ಷದ ಹೆಸರು ಮುಗಿಯಿತು. ಮಾಸ ಮುಗಿಯಿತು. ಇನ್ನು ತಿಥಿ. ನನ್ನಿಂದಾಗಿ ಅಜ್ಜಿ ಸಮುದ್ರದ ಎದುರು ನಿಂತು ದೇವರಿಗೆ ಸುಳ್ಳು ಹೇಳುವವಳಿದ್ದಳು.

“ಅಜ್ಜೀ, ಬ್ಯಾಡ! ಇವತ್ತು ಅಮಾವಾಸ್ಯಿ ಅಲ್ಲ! ನಾ ಸುಳ್ಳು ಹೇಳೀನಿ!” ಎಂದು ಕೂಗಿ ಅಳತೊಡಗಿದೆ.

ಅಜ್ಜಿ ಕಣ್ಣು ಬಿಟ್ಟಳು. ಬೆಚ್ಚಲಿಲ್ಲ, ಬೈಯಲಿಲ್ಲ. “ಏಕಾದಶಿ ಮಾಡೋ ಹೊಟ್ಟಿಗೆ ಪಂಚಾಂಗ ಬೇಕೇನಲೇ?” ಎಂದಳು. ನನ್ನ ಕೈ ಹಿಡಿದು ಬೆರಳ ಗೆರೆಗಳ ಮೇಲೆ ಎಣಿಸಿದಳು. “ಬುಧವಾರ ಉಪವಾಸ ಇದ್ದೆ. ಗುರುವಾರ ದ್ವಾದಶಿ, ಶುಕ್ರವಾರ ತ್ರಯೋದಶಿ. ಇವತ್ತೇನಾತು? ನಿಮ್ಮವ್ವಗೂ ಗೊತ್ತು. ಆಕಿ ಬಾಯಿ ಬಿಟ್ಟಳೇನು ನೋಡು!”

ನಾನು ತಿರುಗಿ ನೋಡಿದೆ. ಅವ್ವ ಬಂಡಿಯ ಹತ್ತಿರ ಬುತ್ತಿ ಗಂಟು ಬಿಚ್ಚುತ್ತ, ಬೇಕಂತಲೇ ನಮ್ಮ ಕಡೆ ಬೆನ್ನು ಮಾಡಿ ನಿಂತಿದ್ದಳು.

“ಮತ್ತ ಯಾಕ ಬಂದಿ ಅಜ್ಜಿ? ಪಾಪ ಅಲ್ಲೇನು?”

“ಪಾಪನ. ಆದರ ಅಮಾವಾಸ್ಯಿ ಮುಂದಿನ ವರ್ಷಾನೂ ಬರ್ತದ. ಕಣ್ಣು ಬರ್ತದೇನು?” ಎಂದಳು. ಬಗ್ಗಿ ನನ್ನ ಲಂಗದ ಅಂಚು ಹಿಡಿದು ತನ್ನ ಸೆರಗಿನ ತುದಿಗೆ ಬಿಗಿಯಾಗಿ ಗಂಟು ಹಾಕಿದಳು. “ನಡಿ. ಅರ್ಧ ಪಾಪ ನಿನಗ, ಅರ್ಧ ನನಗ.”

ಆಮೇಲೆ ಇಡೀ ಬಂದರಿಗೆ ಕೇಳಿಸುವಂತೆ ಸಂಕಲ್ಪ ಮುಗಿಸಿದಳು. ತಿಥಿಯ ಜಾಗದಲ್ಲಿ ಚತುರ್ದಶಿ ಎಂದೇ ಹೇಳಿದಳು. ಇಬ್ಬರೂ ಮುಳುಗಿದೆವು. ಎರಡನೆಯ ಮುಳುಗಿಗೇ ಅಲೆ ನಮ್ಮನ್ನು ಕೆಡವಿ ಹಾಕಿತು. ಅಜ್ಜಿ ಬಾಯಿ ತುಂಬ ಉಪ್ಪುನೀರು ಉಗುಳುತ್ತ, ಮರಳಲ್ಲಿ ಕೂತು, ಚಿಕ್ಕ ಹುಡುಗಿಯ ಹಾಗೆ ಬಿದ್ದು ಬಿದ್ದು ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನಾನು ಮೊದಲು ನೋಡಿರಲಿಲ್ಲ. “ಅಮಾವಾಸ್ಯಿ ಸ್ನಾನ ಹೆಂಗಾತು ಅಮ್ಮಾ?” ಎಂದು ಅಪ್ಪ ಕೇಳಿದ. “ಭಾಳ ಚಲೋ ಆತಪ್ಪಾ” ಎಂದಳು ಅಜ್ಜಿ. ಅವ್ವ ಸೆರಗು ಬಾಯಿಗಿಟ್ಟುಕೊಂಡಳು.

ಎರಡು ವರ್ಷದಲ್ಲಿ ಅಜ್ಜಿಯ ಕಣ್ಣು ಪೂರ್ತಿ ಹೋಯಿತು. ಒಂದು ಸಂಜೆ ಅಪ್ಪ ಸ್ಟೇಷನ್ನಿನಿಂದ ಬಂದವನು, ರಜೆ ಸಿಕ್ಕಿದೆ, ಮರ್ಮಗೋವಾಕ್ಕೆ ಹೋಗುವುದಾದರೆ ಸಮುದ್ರ ಸಿಗುವುದು ಬುಧವಾರ ಎಂದ. ಅಜ್ಜಿ ನನ್ನನ್ನು ಹತ್ತಿರ ಕರೆದು, ಕಿವಿಯಲ್ಲಿ, “ಪಂಚಾಂಗ ತಗಿ. ಹೋದ ಸಲ ಓದಿದಂಗ ಓದು” ಎಂದಳು.

ತೆಗೆದೆ. ನೋಡಿದೆ. ಬುಧವಾರ ನಿಜವಾಗಿಯೂ ಅಮಾವಾಸ್ಯೆ. ನನಗೆ ನಂಬಿಕೆಯಾಗದೆ ಎರಡು ಸಲ ನೋಡಿದೆ. “ಬುಧವಾರ ಅಮಾವಾಸ್ಯಿ ಅಜ್ಜಿ, ಖರೇನ!” ಎಂದೆ. “ಭಾಳ ಜಾಣಿ ಆಗೀದಿ” ಎಂದು ಅಜ್ಜಿ ನನ್ನ ಕೆನ್ನೆ ಹಿಂಡಿದಳು. ಆಣೆ ಇಟ್ಟರೂ ನಂಬಲಿಲ್ಲ. ನಡುವೆ ಬಂದ ಏಕಾದಶಿಯನ್ನು ಎಣಿಸಿ ನೋಡಬಹುದಿತ್ತು, ಈ ಸಲ ಅವಳೂ ಎಣಿಸಲಿಲ್ಲವೋ ಏನೋ.

ಮರ್ಮಗೋವಾದ ಮರಳಿನ ಮೇಲೆ ಅವಳನ್ನು ಕೈಹಿಡಿದು ನಡೆಸಿಕೊಂಡು ಹೋದೆ. ನೀಲಿ ನೀರು ಅವಳಿಗೆ ಕಾಣುತ್ತಿರಲಿಲ್ಲ. ಸದ್ದು ಕೇಳಿ ಮುಖ ಆ ಕಡೆ ತಿರುಗಿಸಿದಳು. ನಾನಾಗ ಲಂಗದ ಮೇಲೆ ದಾವಣಿ ಹಾಕುವಷ್ಟು ದೊಡ್ಡವಳು. ಅವಳು ತಡಕಾಡಿ ನನ್ನ ದಾವಣಿಯ ತುದಿ ಹುಡುಕಿ ಗಂಟು ಹಾಕತೊಡಗಿದಳು.

“ಇವತ್ತು ಗಂಟು ಬೇಕಾಗಿಲ್ಲ ಅಜ್ಜಿ, ಪಾಪ ಇಲ್ಲ. ನಿನ್ನಾಣಿ, ಖರೇ ಅಮಾವಾಸ್ಯಿ. ಅವ್ವನ್ನ ಕೇಳು” ಎಂದೆ.

ಹಿಂದಿನಿಂದ ಅವ್ವ, “ಹೌದ್ರೀ ಅತ್ತಿ, ಈ ಸಲ ಸುಳ್ಳಲ್ಲ” ಎಂದಳು.

ಅಜ್ಜಿಯ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಗಂಟನ್ನು ಇನ್ನಷ್ಟು ಬಿಗಿದಳು.

“ಹಂಗಾದ್ರ ಪುಣ್ಯಾನೂ ಅರ್ಧ ಅರ್ಧ” ಎಂದಳು. “ನಡಿ.”